ಒಂದೇ ಸಂಜೆಗೆ ಇಬ್ಬರು

ಹಾಯ್ಟ್ ಬಂದಾಗ ವರ್ಡೀ ಲ್ಯಾಸಿಟರ್ ಜಗಲಿಯಲ್ಲಿ ಕೂತು ಪೆಕನ್ ಕಾಯಿ ಒಡೆಯುತ್ತಿದ್ದಳು. ಮೇಕನ್ ಊರಿನ ಟೆನಿಸ್ ಸಂಘಕ್ಕೆ ಈಗ ಅವನೇ ಅಧ್ಯಕ್ಷ. ಆದರೂ ವರ್ಡೀ ಎದುರು ನಿಂತರೆ ತಲೆಯ ಮೇಲಿನ ಟೋಪಿ ತಾನಾಗಿ ಕೈಗೆ ಬರುತ್ತಿತ್ತು. ಅವನಿಗೆ ರಾಕೆಟ್ ಹಿಡಿಯಲು ಕಲಿಸಿದವರು ಇಬ್ಬರು: ಇವಳು ಮತ್ತು ಮೊಝೆಲ್ ಕ್ರೆನ್ಷಾ.

“ಮಿಸ್ ವರ್ಡೀ, ಈ ವರ್ಷದ ಔತಣದಲ್ಲಿ ನಿಮಗೆ ಸನ್ಮಾನ. ಸಂಘದ ಗೋಡೆ ಮೇಲೆ ಫೋಟೋ ಹಾಕ್ತೀವಿ. ನಿಮ್ಮಿಬ್ಬರದೂ.”

“ಇಬ್ಬರು ಅಂದ್ರೆ?”

“ನೀವು, ಮಿಸ್ ಮೊಝೆಲ್. ಇನ್ಯಾರು? ಅವರನ್ನ ಆಗ್ಲೇ ಕೇಳ್ದೆ. ‘ವರ್ಡೀ ಬಂದ್ರೆ ನಾನೂ ಬರ್ತೀನಿ’ ಅಂದ್ರು.”

“ಹಾಗಾದ್ರೆ ನಾನು ಬರಲ್ಲ. ಆ ಸುಳ್ಳುಗಾತಿ ಪಕ್ಕ ಹಲ್ಲು ಕಿರೀತಾ ನಿಲ್ಲೋಕೆ ನನ್ನ ಕೈಲಾಗಲ್ಲ. ಈ ವರ್ಷ ನಂಗೆ ಮಾಡಿ, ಬರೋ ವರ್ಷ ಅವಳಿಗೆ ಮಾಡ್ಕೊಳ್ಳಿ.”

“ಹಾಗೆ ಬೇರೆ ಬೇರೆ ಮಾಡಿದ್ರೆ…”

“ಬ್ಯಾಕ್‌ಹ್ಯಾಂಡ್ ಹೊಡೆಯೋವಾಗ ಇವತ್ತಿಗೂ ಕಣ್ಣು ಮುಚ್ಕೋತೀಯ. ನಂಗೆ ಬುದ್ಧಿ ಹೇಳೋಕೆ ಬಂದ್ಯಾ?”

ಹಾಯ್ಟ್ ಟೋಪಿ ಹಾಕಿಕೊಂಡು ಹೊರಟುಹೋದ.

ಕರಿಯರ ಮಕ್ಕಳಿಗೆ ಊರಿನ ಯಾವ ಕ್ಲಬ್ಬಿನ ಗೇಟೂ ತೆರೆಯದ ಕಾಲದಲ್ಲಿ ಆ ಇಬ್ಬರು ಹೆಂಗಸರು ರೈಲು ಹಳಿಯಾಚೆಯ ಪಾರ್ಕಿನಲ್ಲಿ ಟೆನಿಸ್ ಶುರುಮಾಡಿದ್ದರು. ಅಂಗಳದ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಬಲೆಯೂ ಇರಲಿಲ್ಲ. ಮೊಝೆಲ್ ತನ್ನ ಮನೆಯ ಕೋಳಿಗೂಡಿನ ತಂತಿ ಬಿಚ್ಚಿ ತಂದು ಅಡ್ಡಲಾಗಿ ಕಟ್ಟಿದಳು. ಕೋಳಿಗಳು ಬೀದಿಪಾಲಾದವು, ಮಕ್ಕಳು ಆಡಿದರು. ಜೋಡಿ ಆಟದಲ್ಲಿ ಇವರನ್ನು ಸೋಲಿಸುವವರು ಸುತ್ತಮುತ್ತ ಇರಲಿಲ್ಲ.

ಕಡೆಗೊಮ್ಮೆ ಊರಿನ ಎಲ್ಲ ಕ್ಲಬ್ಬುಗಳೂ ಸೇರುವ ಪಂದ್ಯಾವಳಿ ಕರಿಯರಿಗೂ ತೆರೆದಾಗ ಇವರಿಬ್ಬರು ಜೋಡಿಯಾಗಿ ಫೈನಲ್ ತಲುಪಿದರು. ಅಂಪೈರ್ ಇಲ್ಲದ ಆಟ. ಚೆಂಡು ಒಳಗೋ ಹೊರಗೋ ಎಂಬುದನ್ನು ಅದು ಬಿದ್ದ ಕಡೆಯವರೇ ಹೇಳಬೇಕು. ಕೊನೆಯ ಘಟ್ಟದಲ್ಲಿ ತಮ್ಮ ಕಡೆ ಗೆರೆಯ ಹತ್ತಿರ ಬಿದ್ದ ಚೆಂಡಿಗೆ ಮೊಝೆಲ್ “ಔಟ್” ಎಂದಳು. ವರ್ಡೀ ಎಲ್ಲರಿಗೂ ಕೇಳುವಂತೆ, “ಇಲ್ಲ, ಒಳಗೇ ಬಿತ್ತು” ಎಂದಳು. ಪಂದ್ಯ ಕೈತಪ್ಪಿತು.

ಮನೆಗೆ ಮರಳುವಾಗ ಕಾರಿನಲ್ಲಿ ಮೊಝೆಲ್ ಹೇಳಿದ್ದಿಷ್ಟೇ: “ನನ್ನ ಕಿವೀಲಿ ಹೇಳಬಹುದಿತ್ತಲ್ಲೇ. ನಾನೇ ವಾಪಸ್ ತಗೋತಿದ್ದೆ.”

“ಸುಳ್ಳು ಹೇಳೋಳಿಗೆ ಕಿವಿ ಬೇರೆ ಕೇಡು!” ಎಂದಳು ವರ್ಡೀ.

ಅಂದಿನಿಂದ ವರ್ಡೀ ಬೆಳಿಗ್ಗೆ ಕಲಿಸಿದಳು, ಮೊಝೆಲ್ ಸಂಜೆ ಕಲಿಸಿದಳು. ಅಂಗಳ ಅದೇ, ಮಕ್ಕಳೂ ಅವರೇ. ಚರ್ಚಿನಲ್ಲಿ, ಅಂಗಡಿಯಲ್ಲಿ, ಕೇಳಿದವರಿಗೆ, ಕೇಳದವರಿಗೂ ವರ್ಡೀ ಆ ಚೆಂಡಿನ ಕಥೆ ಹೇಳಿದಳು.

ಸಂಘ ಅವಳ ಹಟಕ್ಕೆ ಮಣಿಯಿತು. ಔತಣದ ದಿನ ವರ್ಡೀ ನೇರಳೆ ಬಣ್ಣದ ಉಡುಪು ತೊಟ್ಟು ವೇದಿಕೆ ಹತ್ತಿದಳು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು ಮೊಝೆಲ್. ವರ್ಡೀ ಅದನ್ನು ಕಂಡಳು. ಕಂಡೂ ತನ್ನ ಮಾತಿನಲ್ಲಿ ಅವಳ ಹೆಸರೆತ್ತಲಿಲ್ಲ. ಕೋಳಿತಂತಿಯ ಬಲೆಯನ್ನು “ನಾವು ಕಟ್ಟಿದೆವು” ಎಂದು ದಾಟಿಸಿಬಿಟ್ಟಳು. ಊಟವಾದ ಮೇಲೆ ಮೊಝೆಲ್ ಬಾಗಿಲ ಬಳಿ ಕೋಟು ಹಿಡಿದು ಕಾಯುತ್ತಿದ್ದಳು. ವರ್ಡೀ ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದಳು.

ಚಳಿಗಾಲ ಮುಗಿಯುವ ಮೊದಲೇ ಮೊಝೆಲ್ ನಿದ್ದೆಯಲ್ಲೇ ತೀರಿಕೊಂಡಳು.

ಮುಂದಿನ ಔತಣದಲ್ಲಿ ಗೌರವ ಸ್ವೀಕರಿಸಲು ಬಂದವಳು ಮೊಝೆಲಳ ಮಗಳು ಪ್ಯಾಟ್ರೀಸ್. ತಾಯಿಯ ಬಗ್ಗೆ ನೀವೇ ಮಾತಾಡಬೇಕು ಎಂದು ವರ್ಡೀಗೆ ಅವಳೇ ಫೋನಿನಲ್ಲಿ ಕೇಳಿಕೊಂಡಿದ್ದಳು. ವರ್ಡೀ ವೇದಿಕೆ ಹತ್ತಿ ತಂತಿ ತಂದವಳು ಯಾರೆಂದು ಹೇಳಿದಳು, ಬೀದಿಪಾಲಾದ ಕೋಳಿಗಳನ್ನು ನೆನೆದಳು. ಜನ ನಕ್ಕರು. “ನನಗಿಂತ ಚೆನ್ನಾಗಿ ಕಲಿಸ್ತಿದ್ಲು. ಈ ಮಾತನ್ನ ಹೋದ ವರ್ಷ ಹೇಳಬೇಕಿತ್ತು. ಅವಳು ಅಲ್ಲೇ, ಆ ಕೊನೇಲಿ ಕೂತಿದ್ಲು” ಎಂದಳು. ಆ ಕೊನೆಯ ಸಾಲನ್ನೇ ನೋಡುತ್ತ ನಿಂತುಬಿಟ್ಟಳು. ಹಾಯ್ಟ್ ಬಂದು ತೋಳು ಹಿಡಿದು ಇಳಿಸಿದ.

ಪ್ಯಾಟ್ರೀಸ್ ತನ್ನ ಪಕ್ಕದ ಕುರ್ಚಿ ಎಳೆದು ಕೂರಿಸಿದಳು. ಮುಂದೆ ಪೀಚ್ ಹಣ್ಣಿನ ಸಿಹಿ ಇಟ್ಟಿದ್ದರು. ವರ್ಡೀ ಚಮಚ ಮುಟ್ಟಲಿಲ್ಲ.

“ನಿಮ್ಮಮ್ಮ ಆ ಫೈನಲ್ ವಿಚಾರ ಏನಾದ್ರೂ ಹೇಳ್ತಿದ್ಲಾ? ಆ ಚೆಂಡಿನ ವಿಚಾರ?”

“ಯಾವ ಚೆಂಡು?” ಪ್ಯಾಟ್ರೀಸ್ ಹುಬ್ಬೇರಿಸಿದಳು. “ಸೋತ್ವಿ ಅಂತ ಅಂದಿದ್ರು ಅಷ್ಟೇ.”

“ಮತ್ತೆ ನಾನು ನಿಮ್ಮನೆಗೆ ಬರೋದು ಬಿಟ್ಟಿದ್ದಕ್ಕೆ?”

“ಅದನ್ನ ಚಿಕ್ಕೋಳಿದ್ದಾಗ ಕೇಳ್ತಾನೇ ಇದ್ದೆ, ವರ್ಡೀ ಆಂಟಿ ಯಾಕೆ ಬರಲ್ಲ ಅಂತ. ‘ಅವಳಿಗೆ ಎಷ್ಟೊಂದು ಮಕ್ಕಳಿಗೆ ಕಲಿಸೋದಿದೆ, ಬಿಡುವಿಲ್ಲ ಕಣೇ, ಬರ್ತಾಳೆ’ ಅನ್ನೋರು.”

ವರ್ಡೀ ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಬಿಡುವಿತ್ತಮ್ಮ” ಎಂದಳು. “ಬೇಕಾದಷ್ಟಿತ್ತು.”