ಚುಕ್ಕಾಣಿ ಹಿಡಿಯುವವರ ಹೆಸರು

ವಿಮೆಯ ಏಜೆಂಟ್ ವರ್ಷಕ್ಕೊಮ್ಮೆ, ಪಾಲಿಸಿ ಮುಗಿಯಲು ಹತ್ತು ದಿನ ಇರುವಾಗ, ಬೆಳಗಿನ ಮೂರನೆಯ ಟ್ರಿಪ್ಪಿನ ಹೊತ್ತಿಗೆ ದೋಣಿಕಟ್ಟೆಗೆ ಬರುತ್ತಿದ್ದ. ಕಂಕುಳಲ್ಲಿ ಸದಾ ಒಂದು ಹಳದಿ ಫೈಲು ಇರುತ್ತಿದ್ದುದರಿಂದ ಕಟ್ಟೆಯ ಜನ ಅವನನ್ನು ಫೈಲಣ್ಣ ಎಂದೇ ಕರೆಯುತ್ತಿದ್ದರು. ಟಿಕೆಟ್ ಕೊಡುವ ಕಿಟಕಿಯ ಹಲಗೆಯ ಮೇಲೆ ಮೂರು ಬಗೆಯ ಪಾಲಿಸಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿ, ಹಿಂದಿನ ವರ್ಷ ಹೇಳಿದ್ದನ್ನೇ ಮೊದಲಿನಿಂದ ಶುರುಮಾಡುತ್ತಿದ್ದ.

"ನೋಡಿ ಅಕ್ಕ, ಇದು ಬರೀ ಹೊರಗಿನವರ ನಷ್ಟಕ್ಕೆ. ನಿಮ್ಮ ಲಾಂಚು ಯಾರಿಗಾದ್ರೂ ಗುದ್ದಿದ್ರೆ ಅವರಿಗೆ ಸಿಗುತ್ತೆ, ನಿಮಗೆ ಏನೂ ಇಲ್ಲ. ಎರಡನೇದರಲ್ಲಿ ನಿಮ್ಮ ಲಾಂಚಿಗೂ ಸಿಗುತ್ತೆ, ಆದ್ರೆ ಚುಕ್ಕಾಣಿ ಹಿಡಿಯೋರು ಒಬ್ಬರೇ. ಅವರ ಹೆಸರು ಇಲ್ಲಿ ಬರೀಬೇಕು, ಬೇರೆ ಯಾರೂ ಓಡಿಸೋ ಹಾಗಿಲ್ಲ. ಮೂರನೇದು ಸ್ವಲ್ಪ ದುಬಾರಿ, ಲೈಸೆನ್ಸ್ ಇರೋರು ಯಾರು ಓಡಿಸಿದ್ರೂ ನಡೆಯುತ್ತೆ."

"ಎರಡನೇದೇ ಇರಲಿ," ಎನ್ನುತ್ತಿದ್ದಳು, ಜನರನ್ನು ಹೊಳೆ ದಾಟಿಸುವ ಆ ಲಾಂಚಿನ ಒಡತಿ.

"ಹೆಸರು?"

ಅವಳು ಗಂಡನ ಹೆಸರು ಹೇಳುತ್ತಿದ್ದಳು. ಫೈಲಣ್ಣ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ, ಒಮ್ಮೆ ಕೆಮ್ಮುತ್ತಿದ್ದ. ಆ ಗಂಡ ಚುಕ್ಕಾಣಿ ಹಿಡಿದದ್ದನ್ನು ಕಟ್ಟೆಯ ಜನ ನೋಡಿ ನಾಲ್ಕು ವರ್ಷವಾಗಿತ್ತು.

"ಅಕ್ಕ, ಓಡಿಸೋದು ನೀವು. ಲೈಸೆನ್ಸೂ ಇದೆ. ನಿಮ್ಮ ಹೆಸರೇ ಹಾಕೋಣ್ವಾ? ಅವರು ಬಂದ ಮೇಲೆ ಬದಲಾಯಿಸಿದ್ರಾಯ್ತು."

"ಬಂದ ಮೇಲೆ ಮತ್ತೆ ಹಾಕೋದಕ್ಕೆ ಈಗ್ಯಾಕೆ ತೆಗೀಬೇಕು?"

 ಫೈಲಣ್ಣ ಬರೆದುಕೊಂಡು ಹೋಗುತ್ತಿದ್ದ. ವಾರದಲ್ಲಿ ಪಾಲಿಸಿ ಬರುತ್ತಿತ್ತು. ಒಡೆತನ ಎಂಬ ಸಾಲಿನಲ್ಲಿ ಅವಳ ಹೆಸರು, ಚುಕ್ಕಾಣಿ ಹಿಡಿಯುವವರು ಎಂಬ ಸಾಲಿನಲ್ಲಿ ಅವನ ಹೆಸರು. ಇಬ್ಬರ ಹೆಸರೂ ಒಟ್ಟಿಗೆ ಇರುವ ಕಾಗದ ಮನೆಯಲ್ಲಿ ಅದೊಂದೇ. ಅದನ್ನು ಅವಳು ಬೀರುವಿನಲ್ಲಿ, ಸೀರೆಗಳ ನಡುವೆ ಇಡುತ್ತಿದ್ದಳು.

ಗಂಡ ಜಗಳವಾಡಿ ಹೋದವನಲ್ಲ. ಹನ್ನೆರಡು ವರ್ಷ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸಿದವನು, ಒಂದು ದಿನ ಊಟದ ತಟ್ಟೆಯ ಮುಂದೆ ಕೂತು, "ಎತ್ತ ತಿರುಗಿದ್ರೂ ಒಂದು ದಡ. ಸಾಕಾಗಿದೆ ಕಣೇ," ಎಂದ. ದೂರದ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ ಟಗ್ಗಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ಎಂದು ಹೊರಟ. ಮೊದಲ ವರ್ಷ ಎರಡು ಸಲ ಬಂದ, ಮರುವರ್ಷ ಒಂದು ಸಲ. ಆಮೇಲೆ ಬರೀ ಫೋನು, ಅದೂ ತಾಯಿಗೆ. ಅತ್ತೆ ಮಾತಾಡುವಾಗ ಇವಳು ಒಗ್ಗರಣೆ ಕೆಳಗಿಳಿಸಿ, ಒಲೆ ಆರಿಸಿ, ಸದ್ದು ಮಾಡದೆ ನಿಂತಿರುತ್ತಿದ್ದಳು. ಅತ್ತೆಗೆ ಅದು ಗೊತ್ತು. ಕಿವಿ ಮಂದವಾದವರಂತೆ ಅವನ ಮಾತನ್ನೆಲ್ಲ ಜೋರಾಗಿ ಇನ್ನೊಮ್ಮೆ ಹೇಳುತ್ತಿದ್ದಳು: "ಏನಂದೆ? ನೆಗಡಿಯಾ? ಕಡಿಮೆ ಆಯ್ತಾ?"

ಅವನು ಹೋದ ಮೇಲೆ ಅತ್ತೆ ಟಿಕೆಟ್ ಕಿಟಕಿಯ ಹಿಂದೆ ಕೂತಳು, ಸೊಸೆ ಚುಕ್ಕಾಣಿ ಹಿಡಿದಳು.

ಅಪಘಾತವಾದದ್ದು ಒಂದು ಮಂಜಿನ ಬೆಳಿಗ್ಗೆ. ಲಾಂಚಿನಲ್ಲಿ ಹನ್ನೊಂದು ಜನ, ಎರಡು ಸೈಕಲ್ಲು, ದರ್ಜಿಯೊಬ್ಬ ರಿಪೇರಿ ಮಾಡಿಸಿ ತರುತ್ತಿದ್ದ ಹೊಲಿಗೆ ಯಂತ್ರ. ಮೇಲಿನ ತಿರುವಿನಲ್ಲಿ ಕಟ್ಟಿದ್ದ ಮರಳು ಸಾಗಿಸುವ ಬಾರ್ಜೊಂದು ಹಗ್ಗ ಕಡಿದುಕೊಂಡು, ತುಂಬಿದ ಮರಳಿನ ಸಮೇತ ಹೊಳೆಯ ಸೆಳವಿನಲ್ಲಿ ಇಳಿದು ಬರುತ್ತಿತ್ತು. ಅವಳಿಗೆ ಅದು ಕಾಣುವ ಮೊದಲು ಕೇಳಿಸಿತು: ನೀರನ್ನು ಅಗಲವಾಗಿ ತಳ್ಳಿಕೊಂಡು ಬರುವ ಭಾರದ ಸದ್ದು. ದೂರ ಸರಿಯಲು ಹೋದರೆ ಬದಿಗೆ ಬಡಿದು ಲಾಂಚು ಮಗುಚುತ್ತದೆ ಎನ್ನಿಸಿತು. ಅವಳು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ, ಮೂತಿಯನ್ನು ಬಾರ್ಜಿನ ಕಡೆಗೇ ಓರೆಯಾಗಿ ಕೊಟ್ಟು, ಇಂಜಿನ್ನನ್ನು ರಿವರ್ಸಿಗೆ ಹಾಕಿದಳು. ಢಿಕ್ಕಿಗೆ ಎಲ್ಲರೂ ಬಿದ್ದರು. ಮೂತಿಯ ಎಡಬದಿಯ ಮೂರು ಹಲಗೆ ಮುರಿದವು, ಪ್ರೊಪೆಲ್ಲರಿನ ದಂಡ ಬಾಗಿತು. ಬಾರ್ಜು ಮಾತ್ರ ಪಕ್ಕಕ್ಕೆ ಉಜ್ಜಿಕೊಂಡು ಜಾರಿ ಹೋಯಿತು. ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಾ, ಹೇಗೋ ತೆವಳುತ್ತಾ ದಡ ಮುಟ್ಟಿದರು. ಯಾರಿಗೂ ಪೆಟ್ಟಾಗಿರಲಿಲ್ಲ. ದರ್ಜಿ ಮಾತ್ರ ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಇಳಿಯಲು ಒಪ್ಪಲಿಲ್ಲ. "ಇದು ನಡುಗ್ತಿದೆ," ಎಂದ. ನಡುಗುತ್ತಿದ್ದವನು ಅವನೇ.

ಮಧ್ಯಾಹ್ನ ಫೈಲಣ್ಣ ಓಡಿ ಬಂದ. ರಿಪೇರಿ ಅಂಗಳದಲ್ಲಿ ಮೇಲೆತ್ತಿ ನಿಲ್ಲಿಸಿದ್ದ ಲಾಂಚನ್ನು ಒಂದು ಸುತ್ತು ಹಾಕಿ, ಧ್ವನಿ ತಗ್ಗಿಸಿದ.

"ಅಕ್ಕ, ಓಡಿಸ್ತಿದ್ದೋರು ನೀವು ಅಂತ ಗೊತ್ತಾದ್ರೆ ಕಂಪನಿ ಒಂದು ಮೊಳೆಗೂ ಕೊಡಲ್ಲ. ನಷ್ಟ ಎಷ್ಟು ಅಂತ ನೋಡೋಕೆ ಕಂಪನಿ ಸರ್ವೇಯರ್ ಗುರುವಾರ ಬರ್ತಾರೆ. ಅಷ್ಟರಲ್ಲಿ ನಿಮ್ಮ ಯಜಮಾನ್ರನ್ನ ಕರೆಸಿಬಿಡಿ. ಬಂದು ಇಲ್ಲಿ ನಿಂತ್ಕೊಂಡು, ನಾನೇ ಓಡಿಸ್ತಿದ್ದೆ ಅಂದ್ರೆ ಮುಗೀತು. ಜನರ ಬಾಯಿ ನಾನು ನೋಡ್ಕೋತೀನಿ."

"ಅದು ಸುಳ್ಳಲ್ವಾ?"

"ನಾಲ್ಕು ವರ್ಷದಿಂದ ಬರೆಸ್ತಿರೋದು ಏನು ಮತ್ತೆ?" ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಎದ್ದು, ಫೋನು ತಂದು ಸೊಸೆಯ ಕೈಯಲ್ಲಿಟ್ಟಳು.

"ಕರಿ. ಸುಳ್ಳಿಗಾದ್ರೂ ಬರಲಿ."

ಅವನು ಎರಡನೆಯ ರಿಂಗಿಗೇ ಎತ್ತಿದ. "ಅಮ್ಮ?" ಎಂದ.

"ನಾನು," ಎಂದಳು.

ಆ ಕಡೆ ಗಾಳಿಯ ಸದ್ದು. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಫೈಲಣ್ಣ ಅಂದದ್ದನ್ನೂ ಹೇಳಿದಳು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಮೂರು ದಿನ ರಜಾ ಹಾಕ್ತೀನಿ. ಬುಧವಾರ ಬರ್ತೀನಿ," ಎಂದ.

ಇಷ್ಟು ಸಲೀಸಾಗಿ ಬರಬಹುದಾಗಿತ್ತು! ಫೋನಿಟ್ಟ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ಆದರೆ ಮಂಗಳವಾರ ದಿಂಬಿನ ಚೀಲ ಎರಡು ಸಲ ಬದಲಾಯಿಸಿದಳು, ತನ್ನನ್ನು ತಾನೇ ಬೈದುಕೊಂಡು ಮೂರನೆಯ ಸಲವೂ ಬದಲಾಯಿಸಿದಳು.

ಬುಧವಾರ ಹನ್ನೊಂದರ ಬಸ್ಸಿಗೆ ಇಳಿದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು, ಮುಖ ಕಪ್ಪಾಗಿ ಚರ್ಮ ಬಿಗಿದಿತ್ತು. ಟೀಯನ್ನು ನಿಂತೇ ಕುಡಿಯುವ ಹೊಸ ಅಭ್ಯಾಸ ಬಂದಿತ್ತು. ತಾಯಿ ಅವನ ಬೆನ್ನು ಸವರಿ, "ಹಡಗು ಎಳೀತೀಯೋ, ಹೊರ್ತೀಯೋ?" ಎಂದಳು. ಅವನು ನಕ್ಕ. ಬ್ಯಾಗನ್ನು ಒಳಗಿನ ಕೋಣೆಗೆ ಒಯ್ಯಲಿಲ್ಲ. ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ಹತ್ತಿರವೇ ಇಟ್ಟ. ಅವಳು ಅದನ್ನು ನೋಡಿದಳು, ಅತ್ತೆಯೂ ನೋಡಿದಳು. ಇಬ್ಬರೂ ಊಟದ ಮಾತು ತೆಗೆದರು.

ಊಟವಾದ ಮೇಲೆ ಗಂಡ ಹೆಂಡತಿ ರಿಪೇರಿ ಅಂಗಳಕ್ಕೆ ಹೋದರು. ಏಣಿ ಹತ್ತಿ ಲಾಂಚಿನೊಳಗೆ, ಚುಕ್ಕಾಣಿಯ ಹಿಂದಿನ ಕಿರಿದಾದ ಬೆಂಚಿನ ಮೇಲೆ ಕೂತರು. ಅಲ್ಲಿ ಇಬ್ಬರು ಕೂತರೆ ಭುಜ ತಾಗಲೇಬೇಕು.

"ಮೊದಲಿಂದ ಹೇಳು. ಒಂದೂ ಬಿಡಬೇಡ. ಅವರು ಕೇಳಿದ್ರೆ ನಾನು ತಡವರಿಸಬಾರದು," ಎಂದ.

ಅವಳು ಹೇಳಿದಳು. ಮಂಜು ಎಷ್ಟು ದಟ್ಟವಾಗಿತ್ತು, ಯಾರು ಎಲ್ಲಿ ಕೂತಿದ್ದರು, ಸದ್ದು ಯಾವ ಕಿವಿಗೆ ಮೊದಲು ಬಿತ್ತು.

"ಆಮೇಲೆ?"

"ಒಂದು ಸಲ ಬಲಕ್ಕೆ ಎಳೆದು ತಪ್ಪಿಸ್ಕೊಳ್ಳೋಣ ಅನ್ನಿಸ್ತು. ಕೈ ಒಪ್ಪಲಿಲ್ಲ."

"ಆಮೇಲೆ?"

"ನೀವೇ ಒಂದ್ಸಲ ಹೇಳಿದ್ರಿ, ಬದಿ ಕೊಡಬಾರದು, ಮೂತಿ ಕೊಡಬೇಕು ಅಂತ."

"ನಾನು ಹೇಳಿದ್ನಾ?" ಅವನಿಗೆ ನೆನಪಿರಲಿಲ್ಲ. "ಭಯ ಆಯ್ತಾ?"

 ಈ ನಾಲ್ಕು ವರ್ಷದಲ್ಲಿ ಆಮೇಲೆ ಏನಾಯ್ತು, ಭಯ ಆಯ್ತಾ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಕೇಳುತ್ತಿದ್ದವನು ತನ್ನದಲ್ಲದ ಕತೆಯನ್ನು ತನ್ನದೆಂದು ಹೇಳಲು ಬಾಯಿಪಾಠ ಮಾಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಆದರೂ ಬೇಗ ಮುಗಿಸಲು ಮನಸ್ಸಾಗಲಿಲ್ಲ. ಬಕೆಟ್ಟಿನ ಬಣ್ಣ ಹೇಳಿದಳು, ದರ್ಜಿಯ ಮಾತು ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಾಗ ಅವಳೂ ನಕ್ಕಳು. ಬಡಗಿ ಕೆಳಗಿನಿಂದ, "ಯಾರ್ರೀ ಮೇಲೆ?" ಎಂದು ಕೂಗಿದ.

ಗುರುವಾರ ಹತ್ತು ಗಂಟೆಗೆ ಸರ್ವೇಯರ್ ಬಂದರು. ಐವತ್ತು ದಾಟಿದ ಹೆಂಗಸು, ಒಂದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದರು, ಕೈಯಲ್ಲಿ ಪುಟ್ಟ ಸುತ್ತಿಗೆ.  ಲಾಂಚಿನ ಒಡಲನ್ನು ಮೂತಿಯಿಂದ ಹಿಂಬದಿಯವರೆಗೆ ಸುತ್ತಿಗೆಯಿಂದ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ನಡೆದರು. ಮರ ಗಟ್ಟಿಯಿದ್ದಲ್ಲಿ ಟಣ್ ಎಂದಿತು, ಒಳಗೆ ಬಿರುಕಿದ್ದಲ್ಲಿ ದಬ್ ಎಂದಿತು. ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಮುರಿದ ಹಲಗೆಗಳ ಮುಂದೆ ಬಹಳ ಹೊತ್ತು ನಿಂತು, ಉಜ್ಜಿದ ಗೆರೆಗಳ ಮೇಲೆ ಬೆರಳಾಡಿಸಿದರು.

"ಬಾರ್ಜಲ್ಲಿ ಮರಳು ತುಂಬಿತ್ತಾ?"

"ತುಂಬಿತ್ತು ಮೇಡಂ," ಎಂದ ಫೈಲಣ್ಣ.

"ಇಪ್ಪತ್ತಾರು ವರ್ಷದಿಂದ ಒಡೆದ ದೋಣಿ ನೋಡ್ತಿದೀನಿ. ಇಂಥ ಸಂದರ್ಭದಲ್ಲಿ ನೂರಕ್ಕೆ ತೊಂಬತ್ತು ಜನ ತಪ್ಪಿಸ್ಕೊಳ್ಳೋಕೆ ಹೋಗಿ ಬದಿ ಕೊಡ್ತಾರೆ. ಆಮೇಲೆ ನಾನು ಹೆಣದ ಲೆಕ್ಕಾನೂ ಬರೀಬೇಕಾಗುತ್ತೆ." ಅವರು ತಿರುಗಿದರು. "ಇಲ್ಲಿ ಮೂತಿ ಕೊಟ್ಟಿದಾರೆ. ಅದೂ ಎಷ್ಟು ಬೇಕೋ ಅಷ್ಟೇ ಓರೆಯಾಗಿ. ಯಾರ ಕೈ ಇದು?"

ಗಂಡ ಒಂದು ಹೆಜ್ಜೆ ಮುಂದೆ ಬಂದ. ಫೈಲಣ್ಣ ಉಸಿರು ಬಿಗಿಹಿಡಿದ.

"ನಂದು ಮೇಡಂ," ಎಂದಳು ಅವಳು. "ಓಡಿಸ್ತಿದ್ದೋಳು ನಾನು."

ಫೈಲಣ್ಣನ ಮುಖ ಸುಣ್ಣದಂತಾಯಿತು. ಸರ್ವೇಯರ್ ಕಾಗದ ನೋಡಿದರು. "ಇಲ್ಲಿ ಬೇರೆ ಹೆಸರಿದೆ."

"ಅದು ನಮ್ಮನೆಯವರ ಹೆಸರು."

ಎಲ್ಲರೂ ಅವನ ಕಡೆ ನೋಡಿದರು. ಅವನು ನೆಲ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಾ, "ಹೌದು ಮೇಡಂ. ನಾನು ಇರಲಿಲ್ಲ. ನಾಲ್ಕು ವರ್ಷದಿಂದ ನಾನು ಇಲ್ಲಿಲ್ಲ," ಎಂದ.

ಸರ್ವೇಯರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಇದನ್ನ ನಾನು ಹೀಗೇ ಬರೀಬೇಕಾಗುತ್ತಮ್ಮ. ನಿಮ್ಮ ಕಂಪನಿ ಕೊಡಲ್ಲ." ಏಳೆಂಟು ಹೆಜ್ಜೆ ಕುಂಟುತ್ತಾ ಹೋದವರು ನಿಂತರು. "ಹಗ್ಗ ಕಡಿದುಕೊಂಡು ಬಂದಿದ್ದು ಬಾರ್ಜು ಅಲ್ವಾ? ಅದಕ್ಕೂ ವಿಮೆ ಇರುತ್ತೆ. ಅವರ ಕಂಪನಿಗೆ ಅರ್ಜಿ ಹಾಕಿ. ಹನ್ನೊಂದು ಜನರ ಹೇಳಿಕೆ ಬರೆಸಿ, ಸಹಿ ಹಾಕಿಸಿ. ನಡೆದದ್ದು ನಡೆದ ಹಾಗೇ ಇರಲಿ. ಓಡಿಸ್ತಿದ್ದೋರು ಯಾರು ಅನ್ನೋದರಲ್ಲಿ ಒಂದು ಸುಳ್ಳು ಸಿಕ್ಕರೂ ಅವರು ಇಡೀ ಅರ್ಜಿ ಎತ್ತಿ ಬಿಸಾಕ್ತಾರೆ."

ಸಂಜೆ ನಾಲ್ಕರ ಬಸ್ಸಿಗೆ ಅವನು ಹೊರಟ. ಒಂದು ದಿನದ ರಜೆ ಇನ್ನೂ ಉಳಿದಿತ್ತು. ಅತ್ತೆ ಬಾಗಿಲಿನಲ್ಲೇ ನಿಂತಳು. ಇವಳು ಬಸ್‌ಸ್ಟ್ಯಾಂಡಿನವರೆಗೆ ಹೋದಳು.

"ಅದಕ್ಕೇ ಕರೆಸಿದ್ಯಾ? ಎಲ್ಲರ ಮುಂದೆ ಹಾಗೆ ಹೇಳೋಕೆ?" ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲ. ನೋಡ್ಬೇಕು ಅನ್ನಿಸ್ತು, ಕರೆಸಿದೆ. ಸುಳ್ಳು ಹೇಳ್ಬೇಕು ಅಂತಾನೇ ಇದ್ದೆ. ಅವರು ಹೊಗಳಿಬಿಟ್ರಲ್ಲ, ಆಗ ಬಿಟ್ಟುಕೊಡೋಕಾಗಲಿಲ್ಲ."

ಅವನು ನಕ್ಕ. "ಬಿಟ್ಟುಕೊಡಬಾರದು. ನಾನಾಗಿದ್ರೆ ಬಲಕ್ಕೆ ಎಳೀತಿದ್ದೆ."

ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಅವಳು ಅವನ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡಿದ್ದಳು.

"ಇರಬಹುದಲ್ಲ," ಎಂದಳು. ನಾಲ್ಕು ವರ್ಷದಲ್ಲಿ ಈ ಮಾತನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಅವನು ಬಸ್ಸನ್ನು ನೋಡಿದ, ಅವಳನ್ನು ನೋಡಿದ. "ಅಲ್ಲಿ ಬೆಳಿಗ್ಗೆ ಎದ್ದು ಹೊರಗೆ ಬಂದ್ರೆ ಎದುರಿಗೆ ಏನೂ ಇರಲ್ಲ ಕಣೇ. ಏನೇನೂ ಇರಲ್ಲ. ಅದನ್ನ ನಿನಗೆ ಹೇಗೆ ಹೇಳೋದು ಗೊತ್ತಾಗಲ್ಲ ನಂಗೆ."

ಅವಳು ಪಟ್ಟಿ ಬಿಟ್ಟಳು.

ಆಮೇಲಿನದು ಕಾಗದಪತ್ರದ ಕೆಲಸ. ಅವಳ ಕಂಪನಿಯಿಂದ ಮೂರು ಸಾಲಿನ ತಿರಸ್ಕಾರದ ಪತ್ರ ಬಂತು. ತಪ್ಪು ತನ್ನದೂ ಇದೆ ಎಂದುಕೊಂಡ ಫೈಲಣ್ಣ ಬಾರ್ಜಿನವರ ಕಂಪನಿಯ ಮೆಟ್ಟಿಲನ್ನು ತಾನೇ ಹತ್ತಿಳಿದ. ಹನ್ನೊಂದು ಜನರೂ ಹೇಳಿಕೆ ಕೊಟ್ಟರು. ದರ್ಜಿ ಒಂದೂವರೆ ಪುಟ ಬರೆದ, ಅದರಲ್ಲಿ ಒಂದು ಪುಟ ಹೊಲಿಗೆ ಯಂತ್ರದ ಬಗ್ಗೆ. ಏಳು ತಿಂಗಳಾದ ಮೇಲೆ ರಿಪೇರಿಯ ಮುಕ್ಕಾಲು ಪಾಲು ಮಂಜೂರಾಯಿತು. ಹೊಸ ಪಾಲಿಸಿ ಮಾಡಿಸುವಾಗ ಅವಳು ಫೈಲಣ್ಣನಿಂದ ಪೆನ್ನು ಇಸಿದುಕೊಂಡು ತನ್ನ ಹೆಸರನ್ನು ತಾನೇ ಬರೆದಳು. ಹಳೆಯದನ್ನು ಮಾತ್ರ ಹರಿಯಲಿಲ್ಲ.

ಲಾಂಚನ್ನು ನೀರಿಗಿಳಿಸಿದ ದಿನ ಮೆಕ್ಯಾನಿಕ್ಕು, "ಜನರನ್ನ ಹತ್ತಿಸಬೇಡಿ. ದಂಡ ಹೊಸದು. ಒಂದು ಗಂಟೆ ಖಾಲಿ ಓಡಿಸಿ," ಎಂದ. ಅವಳು ಎಂದಿನಂತೆ ಎದುರು ದಡಕ್ಕೆ ಹೋಗಿ ತಿರುಗಿಸಿದಳು. ನಡುಹೊಳೆಗೆ ಬಂದಾಗ ಏನೆನ್ನಿಸಿತೋ, ಮೂತಿಯನ್ನು ಕೆಳಕ್ಕೆ, ಹೊಳೆ ಹರಿಯುವ ಕಡೆಗೆ ತಿರುಗಿಸಿದಳು. ಹಳೆಯ ಸೇತುವೆ ದಾಟಿತು, ಇಟ್ಟಿಗೆ ಗೂಡುಗಳು ದಾಟಿದವು, ಹುಟ್ಟಿದಂದಿನಿಂದ ನೋಡದ ತಿರುವುಗಳು ಬಂದವು. ಎರಡೂ ದಡಗಳು ಒಂದರಿಂದ ಒಂದು ದೂರ ಸರಿಯುತ್ತಾ, ತೆಳ್ಳಗಾಗುತ್ತಾ ಹೋದವು. ಗಾಳಿಯಲ್ಲಿ ಉಪ್ಪಿತ್ತು. ಅವಳು ಇಂಜಿನ್ ಆರಿಸಿ, ಬೆಂಚಿನ ಒಂದು ಬದಿಗೆ ಸರಿದು ಕೂತಳು. ಲಾಂಚು ತಾನಾಗಿಯೇ ಇನ್ನಷ್ಟು ಕೆಳಗೆ ತೇಲಿತು. ಮುಂದೆ ಬೆಳಕು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಹೇಳಿದ್ದು ಇದೇ ಇರಬೇಕು ಎಂದುಕೊಂಡಳು. ಚೆನ್ನಾಗಿತ್ತು. ಅದು ಅಷ್ಟು ಚೆನ್ನಾಗಿದ್ದದ್ದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಅತ್ತಳು. ಡೀಸೆಲ್ ಅರ್ಧಕ್ಕಿಳಿದಿತ್ತು, ಕಟ್ಟೆಯಲ್ಲಿ ಜನ ಕಾಯುತ್ತಿರುತ್ತಾರೆ. ಮುಖ ತೊಳೆದುಕೊಂಡು ಇಂಜಿನ್ ಶುರುಮಾಡಿದಳು.

ಕಟ್ಟೆಗೆ ಬಂದಾಗ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಒಂದು ಗಂಟೆ ಅಂದ್ರೆ ಮೂರು ಗಂಟೆ ಮಾಡ್ತೀಯಲ್ಲೇ. ಎಲ್ಲಿಗೆ ಹೋಗಿದ್ದೆ?"

"ಕೆಳಗಡೆ. ಸುಮಾರು ದೂರ."

ಅತ್ತೆ ಹೊಳೆ ಹರಿಯುವ ಕಡೆಗೆ ಕಣ್ಣು ಹಾಯಿಸಿದಳು. "ಸಮುದ್ರ ಕಂಡಿತಾ?"

"ಇಲ್ಲ ಅತ್ತೆ. ವಾಸನೆ ಬರುತ್ತೆ, ಅಷ್ಟೇ."

"ಭಾನುವಾರ ನನ್ನನ್ನೂ ಕರ್ಕೊಂಡು ಹೋಗು," ಎಂದಳು ಅತ್ತೆ, ಸಾಲಿನಲ್ಲಿ ಮೊದಲು ನಿಂತವನಿಗೆ ಟಿಕೆಟ್ ಹರಿದುಕೊಡುತ್ತಾ.