ಬಂಡೆಯ ಬೆನ್ನಿನ ನುಣುಪು

ಊರಾಚೆಯ ದೊಡ್ಡ ಬಂಡೆಯ ಮೇಲೆ ನೆತ್ತಿಯಿಂದ ಬುಡದವರೆಗೆ ನುಣುಪಾದ ಒಂದು ಪಟ್ಟೆಯಿತ್ತು. ಅದೇ ಅದರ ಹೆಚ್ಚುಗಾರಿಕೆ. ಅದನ್ನು ದೇಶದ ನಿಸರ್ಗ ಸ್ಮಾರಕವೆಂದು ಘೋಷಿಸಬಹುದೇ ಎಂದು ವರದಿ ಬರೆಯಲು ಇಲಾಖೆ ಕಳಿಸಿದ್ದು, ಅದೃಷ್ಟವೋ ಗ್ರಹಚಾರವೋ, ಅದೇ ಊರಿನ ಮಗಳನ್ನು.

ಘೋಷಣೆಯಾದರೆ ಸುತ್ತ ಬೇಲಿ, ಯಾರೂ ಮುಟ್ಟುವಂತಿಲ್ಲ. ಆಗದಿದ್ದರೆ ಪಕ್ಕದ ಕ್ರಷರಿನವರು ಜಲ್ಲಿ ಮಾಡಿಬಿಡುತ್ತಾರೆ. ಮನುಷ್ಯರ ಕೈವಾಡವಿದ್ದರೆ ಅದು ಸ್ಮಾರಕವಲ್ಲ ಎಂದು ನಿಯಮ. ಸಮಿತಿಯ ಪಂಡಿತರು ಪಟ್ಟೆಯನ್ನು ಸವರಿ, ಯಾವುದೋ ಕಾಲದ ನೀರಿನ ಕೆಲಸ ಎಂದು ತಲೆದೂಗಿದ್ದರು.

ನೀರಂತೆ ನೀರು! ಅವಳು, ಅವಳ ಅಮ್ಮ, ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲರೂ ಕೂತು ಜಾರಿ ಜಾರಿ ಆದ ನುಣುಪು ಅದು.

ಮಧ್ಯಾಹ್ನ ಬೆಚ್ಚಗಿನ ಕಲ್ಲಿಗೆ ಒರಗಿದವಳಿಗೆ ಮಂಪರು ಹತ್ತಿತು. ಎರಡು ಜಡೆಯ ಹುಡುಗಿಯೊಬ್ಬಳು ಪಕ್ಕದಲ್ಲೇ ಜಾರಿಹೋದಳು. ಅವಳ ಹಿಂದೆ ಅಮ್ಮನ ಮೂಗಿನವಳು, ಅವಳ ಹಿಂದೆ ಇನ್ನೊಬ್ಬಳು. ಲಂಗದ ಧೂಳು ಕೊಡವಿಕೊಂಡು ಮತ್ತೆ ಹತ್ತಿ ಬರುತ್ತಿದ್ದರು. ಇವಳತ್ತ ಯಾರೂ ತಿರುಗಿ ನೋಡಲಿಲ್ಲ.

"ಏನೇ ಪುಟ್ಟಿ, ನಿದ್ದೆ ಮಾಡೋಕೂ ಸಂಬಳ ಕೊಡ್ತಾರಾ?" ಅವಳ ಪುಟ್ಟ ಮಗಳ ಕೈಹಿಡಿದು ಅಮ್ಮ ನಿಂತಿದ್ದಳು.

"ನೀರಿನ ಕೆಲಸ ಅಂತಾನೇ ಬರೆದುಬಿಡ್ಲಾ ಅಮ್ಮ? ಬಂಡೆಯಾದ್ರೂ ಉಳಿಯುತ್ತೆ."

"ಬಂಡೆ ಉಳಿಯುತ್ತೆ ಸರಿ. ಇವಳು ಎಲ್ಲಿ ಜಾರ್ತಾಳೆ?"

ಅವಳು ಬರೆದಳು: ನುಣುಪಿಗೆ ಕಾರಣ, ಮಕ್ಕಳು. ಕೆಲಸ ಇನ್ನೂ ನಡೆಯುತ್ತಿದೆ, ತಡೆಯಬಾರದು.

ಸಮಿತಿಯ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ ಇದು? ಮಕ್ಕಳು ಮನುಷ್ಯರಲ್ವಾ?"

ಜಲ್ಲಿಯ ರಾಶಿ ಅವಳ ಕಣ್ಣಮುಂದೆ ಬಂತು. "ಮಕ್ಕಳು ಬೇಕೂಂತ ಮಾಡಿದ್ದಲ್ಲ ಸಾರ್. ಗಾಳಿ, ನೀರು ಮಾಡೋ ಹಾಗೆ ತಮ್ಮ ಪಾಡಿಗೆ ತಾವು ಮಾಡಿದ್ದು."

ಅಧ್ಯಕ್ಷರು ಕಿಟಕಿಯಾಚೆ ನೋಡಿದರು. ಮನಸ್ಸಿನಲ್ಲೇ ಅವರೂ ಯಾವುದೋ ಬಂಡೆ ಜಾರುತ್ತಿದ್ದರೋ ಏನೋ. ಆಮೇಲೆ ಘೋಷಣೆಗೆ ಸಹಿ ಹಾಕಿ, ಬೇಲಿಯ ನಕ್ಷೆಯಲ್ಲಿ ಒಂದು ಕಿಂಡಿ ಗುರುತುಮಾಡಿದರು, ಒಂದು ಮಗು ತೂರುವಷ್ಟು ಮಾತ್ರ.

ಬೇಲಿ ಎದ್ದ ದಿನ ಮಗಳು ಆ ಕಿಂಡಿಯಲ್ಲಿ ಸರಕ್ಕನೆ ನುಸುಳಿದಳು. ಅವಳ ಹಿಂದೆ ತಾನೂ ತೂರಲು ತಾಯಿ ಅಡ್ಡಡ್ಡ ತಿರುಗಿ ನೋಡಿದಳು, ಉಸಿರು ಬಿಗಿಹಿಡಿದು ನೋಡಿದಳು. ಸೊಂಟ ಸಿಕ್ಕಿಕೊಂಡಿತು.

"ನೀನೇ ಕೇಳಿ ತಂದಿದ್ದು, ಅನುಭವಿಸು," ಅಮ್ಮ ಹಿಂದಿನಿಂದ ಎಳೆದು ಬಿಡಿಸಿದಳು.

ಒಳಗೆ ಮಗಳು ಕೂಗುತ್ತಾ ಜಾರಿದಳು. ಬೇಲಿಯ ಹೊರಗೆ ಅವಳೂ ಅಮ್ಮನೂ ಕಂಬಿ ಹಿಡಿದು ನಿಂತರು. ಮಗಳನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು, ಕಣ್ಣೂ ತುಂಬಿತು.