ಗೋರಿಯಿಂದ ಎದ್ದ ಆನೆ

ಫೈನಲ್ ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಸುಲಭಾಬಾಯಿಯ ಕೈ ದಾರಿ ತಪ್ಪಿ ಗೋರಿಗೆ ಹೋಯಿತು.

ಗಾಬರಿ ಬೇಡ. 'ಕೋಟೆಕಾಳಗ' ಎಂಬ ಕಾರ್ಡಿನಾಟದಲ್ಲಿ ಸತ್ತ ಕಾರ್ಡುಗಳನ್ನು ಮುಖ ಮೇಲೆ ಮಾಡಿ ಪೇರಿಸುವ ಜಾಗಕ್ಕೆ ಗೋರಿ ಎನ್ನುತ್ತಾರೆ. ಸರದಿ ಬಂದವರು ಎಳೆಯಬೇಕಾದದ್ದು ಮುಖ ಕೆಳಗೆ ಮಾಡಿಟ್ಟ ತಮ್ಮ ಕಟ್ಟಿನಿಂದ. ಆದರೆ ಅದು ಜೀವನವಿಡೀ ರಮ್ಮಿ ಆಡಿದ ಕೈ. ಮುಖ ಮೇಲಾಗಿ ಬಿದ್ದ ಎಲೆಯನ್ನು ಎತ್ತದೆ ಬಿಟ್ಟೀತೇ? ಆಗಷ್ಟೇ ಸತ್ತ ತಮ್ಮ ಆನೆಯನ್ನೇ ಎತ್ತಿ ಉಳಿದ ಕಾರ್ಡುಗಳ ನಡುವೆ ಸಿಕ್ಕಿಸಿಕೊಂಡ ಸುಲಭಾಬಾಯಿ, ಗತ್ತಿನಿಂದ ಒಬ್ಬ ಸವಾರನನ್ನೂ ಕಣಕ್ಕಿಳಿಸಿದರು.

"ಬಾಯಾರ, ಗೋರ್ಯಾಗಿನ ಆನಿ ಎದ್ದು ಎಲ್ಲಿ ಹೋತ್ರಿ?" ಎಂದ ಎದುರಾಳಿ ಬಾಳೇಶ. ಬನಹಟ್ಟಿಯಲ್ಲಿ ಅವನದು ಸೀರೆ ಅಂಗಡಿ.

ಸುಲಭಾಬಾಯಿ ಕೈ ನೋಡಿಕೊಂಡರು. "ಅಯ್ಯ ವಿಠ್ಠಲಾ! ಇಲ್ಲೇ ಅದ ನೋಡಪಾ!"

"ಜಡ್ಜ್!" ಎಂದು ಕೂಗು ಎದ್ದಿತು.

ಪಕ್ಕದ ಮೇಜಿನ ಜಗಳ ಬಿಡಿಸುತ್ತಿದ್ದ ಗೌತಮಿ ಓಡಿ ಬಂದಳು. ವಾರವಿಡೀ ಬ್ಯಾಂಕಿನಲ್ಲಿ ಕೂರುವ ಅವಳಿಗೆ ಜಡ್ಜ್ ಆಗಿ ಇದೇ ಮೊದಲ ಪಂದ್ಯಾವಳಿ. ಸುಲಭಾಬಾಯಿ ಅವಳ ಅಪ್ಪನ ತಂಗಿ, ಅವಳ ಆತ್ಯಾ. ತೀರ್ಪು ಆತ್ಯಾಳ ಕಡೆ ವಾಲಿದರೆ ನಾಳೆಯಿಂದ ಜಮಖಂಡಿಯಲ್ಲಿ ಗೌತಮಿಯ ಮಾತನ್ನು ಯಾರೂ ಕೇಳುವುದಿಲ್ಲ. ಹೆಸರು ಉಳಿಸಿಕೊಳ್ಳಲು ಆಚೆ ಕಡೆ ವಾಲಿಸಿದರೆ, ಅದೂ ಮೋಸವೇ.

"ತಪ್ಪು ನಂದು, ನಾ ಸೋತೆ," ಎಂದು ಆತ್ಯಾ ಎದ್ದೇಬಿಟ್ಟರು.

"ಕುಂದರ್ರಿ ಬಾಯಾರ. ಆನಿ ನಿಮ್ಮ ಕಡೇನ ಇರ್ಲಿ. ಒಂದು ಆನಿಗೆ ನನ್ನ ಕೋಟಿ ಬೀಳೂದಿಲ್ಲ," ಎಂದ ಬಾಳೇಶ, ಗಿರಾಕಿಗೆ ರವಿಕೆ ಬಟ್ಟೆ ಪುಕ್ಕಟೆ ಕೊಡುವವನ ಹಾಗೆ.

"ಹೊರಗ ಹಾಕ್ರಿ!" ಎಂದು ಹಿಂದಿನಿಂದ ಚೀರಿದವನು ಮಹಾಲಿಂಗಪುರದ ಪ್ರೇಮಕುಮಾರ. ಬೆಳಿಗ್ಗೆಯೇ ಆತ್ಯಾಳ ಕೈಯಲ್ಲಿ ಸೋತಿದ್ದ.

ಗೌತಮಿ ಸವಾರನತ್ತ ಬೆರಳು ಮಾಡಿದಳು. "ಇಂವ ಆನಿ ಎತ್ತೂಕಿಂತ ಮೊದಲ ಕೈಯಾಗ ಇದ್ದನೇನು?"

"ಇದ್ದನ್ರಿ. ಹೋದ ಸರದಿಗೆ ಬೇಹುಗಾರನ ಕಾರ್ಡು ಆಡಿ ಅವರ ಕೈಯಾಗಿನ ಕಾರ್ಡು ನೋಡೇನಿ," ಎಂದ ಬಾಳೇಶ.

"ಹಂಗಾರ ಸವಾರ ಇದ್ದಲ್ಲೇ ಇರ್ಲಿ. ಆನಿ ವಾಪಸ್ ಗೋರಿಗೆ. ಎಳೀಬೇಕಾಗಿದ್ದ ಕಾರ್ಡು ಈಗ ಕಟ್ಟಿನಿಂದ ಎಳೀರಿ, ಸರದಿ ಮುಂದುವರಿಸ್ರಿ. ಮ್ಯಾಲ ಒಂದು ಎಚ್ಚರಿಕಿ."

"ಅತ್ತಿ ಆಟಾ, ಸೊಸಿ ತೀರ್ಪು!" ಪ್ರೇಮಕುಮಾರ ಚಪ್ಪಾಳೆ ತಟ್ಟಿದ. ಸಭಾಂಗಣ ಕಿಸಕ್ಕೆಂದಿತು. ಗೌತಮಿಯ ಕಿವಿ ಬಿಸಿಯಾದವು.

"ನಾ ಎಳಿಯೂದಿಲ್ಲ ಗೌತು. ಮಂದಿ ಏನಂತಾರ?"

"ಎಳೀದ ಬಿಟ್ರ ಅದು ಇನ್ನೊಂದು ತಪ್ಪು. ಆಟ ಎಲ್ಲಿ ಇರಬೇಕಾಗಿತ್ತೋ ಅಲ್ಲಿಗೆ ಒಯ್ಯೂದು ನನ್ನ ಕೆಲಸ. ಇದು ಶಿಕ್ಷಾನೂ ಅಲ್ಲ, ಬಕ್ಷೀಸೂ ಅಲ್ಲ. ಎಳೀರಿ ಅಂದ್ರ ಎಳೀರಿ!"

ಆತ್ಯಾ ಕಣ್ಣರಳಿಸಿ ಸೊಸೆಯನ್ನು ನೋಡಿದರು. ಆನೆಯನ್ನು ಮಲಗಿಸಿದರು. ಎಳೆದರು. ಅವರ ಮುಖ ಕೆಂಪಾಯಿತು.

"ಇದನ್ನ ಆಡಲೋ ಬ್ಯಾಡೋ?"

"ಅದನ್ನ ಜಡ್ಜ್ ಹೇಳಂಗಿಲ್ಲ."

ಅದು ಬೆಂಕಿಬಾಣ. ಮೇಜಿನ ಮೇಲೆ ಇಟ್ಟದ್ದೇ ತಡ, ಬಾಳೇಶನ ಕೋಟೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ನಾ ಅಂದಿದ್ದಿಲ್ಲೇನು?" ಎಂದ ಪ್ರೇಮಕುಮಾರ.

ಸೋತ ಬಾಳೇಶನೇ ಗಿರ್ರನೆ ತಿರುಗಿದ. "ಏ ಪ್ರೇಮ್ಯಾ, ಆಟಾ ಶುರು ಆಗೂಕಿಂತ ಮೊದಲ ಬಾಯಾರ ಕಟ್ಟು ಕಲಸಿದಾಂವ ಯಾರಲೇ? ನಾನ! ಆ ಬಾಣಾ ಅವಾಗಿಂದ ಅಲ್ಲೇ ಕುಂತಿತ್ತು. ಜಡ್ಜಬಾಯಾರು ಇಟ್ಟಿದ್ದಲ್ಲ. ಬೈಯೂದಿದ್ರ ನನ್ನ ಕೈಗೆ ಬೈ!"

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಸಭಾಂಗಣವೇ ನಕ್ಕಿತು. ಬಾಳೇಶ ಎದ್ದು ಆತ್ಯಾಳ ಕೈ ಕುಲುಕಿದ. ಆತ್ಯಾ ಅಪ್ಪಿಕೊಳ್ಳಲು ಬಂದರೆ ಗೌತಮಿ ಅಂಗೈ ಅಡ್ಡ ಹಿಡಿದಳು: "ತಡಿ, ನಿನ್ನ ಎಚ್ಚರಿಕಿ ಬರಿಯೂದದ."

"ಬರಿಯವ್ವಾ, ದಪ್ಪ ಅಕ್ಷರದಾಗ ಬರಿ!"

ಮೆಟ್ಟಿಲಿಳಿಯುವಾಗ ಪ್ರೇಮಕುಮಾರ ಗಂಟಲು ಸರಿಮಾಡಿಕೊಂಡ. "ಮೇಡಮ್ಮರ, ಮುಂದಿನ ತಿಂಗಳ ನಮ್ಮೂರಾಗ ಆಟಾ ಇಟ್ಟೇವಿ. ಜಡ್ಜ್ ಆಗಿ ಬರ್ತೀರೇನು?"

"ಬರ್ತೇನಿ. ಆತ್ಯಾನೂ ಆಡಾಕ ಬರ್ತಾಳ."

"ಬರ್ಲಿ ಬಿಡ್ರಿ," ಎಂದ ಅವನು. "ಖರೆ, ಅವರ ಕೈ ಮಾತ್ರ ಕಟ್ಟಿ ಕರಕೊಂಡು ಬರ್ರಿ."